ರೂಪಾಯಿಗೆ ಎಷ್ಟು ಸೇರು: ಬಳ್ಳಾರಿ ಸೀಮೆಯ ದರ ಹೋಲಿಕೆಯ ಹಿನ್ನೆಲೆ

1800ರಲ್ಲಿ ನಿಜಾಮನಿಂದ ಇಂಗ್ಲಿಷ್ ಕಂಪನಿಗೆ ಹಸ್ತಾಂತರಗೊಂಡು 1953ರವರೆಗೆ ಮದರಾಸು ಆಡಳಿತದಲ್ಲಿದ್ದ ಬಳ್ಳಾರಿ ಸೀಮೆಯಲ್ಲಿ ಧಾನ್ಯದ ಬೆಲೆಯನ್ನು ಇಂದಿನಂತೆ ಕಿಲೋಗೆ ಇಷ್ಟು ರೂಪಾಯಿ ಎಂದಲ್ಲ, ರೂಪಾಯಿಗೆ ಇಷ್ಟು ಸೇರು ಎಂದು ಹೇಳುವ ರೂಢಿಯಿತ್ತು. ಹೀಗಾಗಿ ಸೇರಿನ ಸಂಖ್ಯೆ ಇಳಿದರೆ ಅದು ಬೆಲೆ ಏರಿದ್ದರ ಸೂಚನೆಯಾಗುತ್ತಿತ್ತು.

ಆದರೆ ಬಳ್ಳಾರಿ, ಕುರುಗೋಡು, ತೆಕ್ಕಲಕೋಟೆ, ಸಿರುಗುಪ್ಪಗಳ ದರಗಳನ್ನು ಹೋಲಿಸುವುದು ಸುಲಭವಾಗಿರಲಿಲ್ಲ. ಸೇರು ಎಂಬುದು ಒಂದೆಡೆ ತೂಕದ ಹೆಸರು, ಇನ್ನೊಂದೆಡೆ ಕೊಳಗದಂತೆ ತುಂಬಿ ಅಳೆಯುವ ಪಾತ್ರೆಯ ಹೆಸರು. ಸರ್ಕಾರಿ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ ತೂಗುತ್ತಿದ್ದರೆ, ಸ್ಥಳೀಯ ಬಳಕೆಯ ಕಚ್ಚಾ ಸೇರು ಅದಕ್ಕಿಂತ ಬಹಳ ಚಿಕ್ಕದಾಗಿತ್ತು. ಅಳತೆಯ ಪಾತ್ರೆಯಲ್ಲಿ ಜೋಳವನ್ನು ಗೋಪುರದಂತೆ ತುಂಬಿ ಕೊಡುವುದಕ್ಕೂ ಬಾಯಿಮಟ್ಟಕ್ಕೆ ಕೈಯಿಂದ ಸವರಿ ಕೊಡುವುದಕ್ಕೂ ಇದ್ದ ವ್ಯತ್ಯಾಸ ದರಪಟ್ಟಿಯಲ್ಲಿ ಕಾಣುತ್ತಿರಲಿಲ್ಲ.

ದರ ಹೋಲಿಕೆ ಕಷ್ಟವಾಗಿದ್ದಕ್ಕೆ ಎರಡನೆಯ ಕಾರಣ ಸಾಗಣೆ. ರೈಲು ಬಂದ ಬಳ್ಳಾರಿ ದೂರದ ಪೇಟೆಗಳೊಂದಿಗೆ ಬೆಸೆದುಕೊಂಡರೆ, ತೆಕ್ಕಲಕೋಟೆ ಮತ್ತು ಸಿರುಗುಪ್ಪಗಳು ಎತ್ತಿನ ಬಂಡಿಯನ್ನೇ ನಂಬಿದ್ದವು. 1876–78ರ ಕ್ಷಾಮದಲ್ಲಿ ಎತ್ತುಗಳೂ ಮೇವಿಲ್ಲದೆ ಸಾಯತೊಡಗಿದಾಗ, ನಿಲ್ದಾಣದವರೆಗೆ ಬಂದ ಧಾನ್ಯವನ್ನು ಹಳ್ಳಿಗೆ ಮುಟ್ಟಿಸುವುದೇ ಕಷ್ಟವಾಯಿತು.

1956ರ ತೂಕ ಮತ್ತು ಅಳತೆಗಳ ಕಾಯ್ದೆಯ ನಂತರ ಕಿಲೋ ಸೇರಿನ ಜಾಗಕ್ಕೆ ಬಂತು. ಒಂದೇ ಅಳತೆ ನೆಲೆಗೊಂಡ ಬಳಿಕವೇ ಊರೂರಿನ ದರಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಅರ್ಥಪೂರ್ಣವಾಯಿತು.