ಸ್ಟಾಕ್‌ಹೋಮಿನ ಮೂವರು ಹುಡುಗಿಯರು ಮತ್ತು ನಮ್ಮ ಶಾಲೆಯ ಡ್ರಮ್ಮು



ಕಳೆದ ತಿಂಗಳು ಮಗಳ ಮನೆಯಲ್ಲಿದ್ದಾಗ ಮೊಮ್ಮಗಳು, "ತಾತ, ಇದರಲ್ಲಿ ನಿಮ್ಮ ಕಾಲದ ಮೇಷ್ಟ್ರು ಬರ್ತಾರೆ, ನೋಡಿ" ಎಂದು ಒಂದು ಸ್ವೀಡಿಷ್ ಚಲನಚಿತ್ರವನ್ನು ಹಾಕಿದಳು. ಲೂಕಾಸ್ ಮೂಡಿಸನ್ ನಿರ್ದೇಶಿಸಿ 2013ರಲ್ಲಿ ಬಂದ 'ವಿ ಆರ್ ದ ಬೆಸ್ಟ್!'. ಅವರ ಪತ್ನಿ ಕೋಕೋ ಮೂಡಿಸನ್ ತಮ್ಮ ಬಾಲ್ಯವನ್ನಾಧರಿಸಿ ಬರೆದ ಸಚಿತ್ರ ಕಥೆಯೇ ಇದರ ಮೂಲ. ಪಂಕ್ ಎಂದರೆ ಕೂದಲನ್ನು ಮುಳ್ಳುಹಂದಿಯಂತೆ ನಿಲ್ಲಿಸಿಕೊಂಡವರ ಗದ್ದಲ ಎಂದಷ್ಟೇ ತಿಳಿದಿದ್ದವನು ನಾನು. ಆದರೆ ಚರಿತ್ರೆ ಕಲಿಸಿದವನ ಚಟ ಬಿಟ್ಟೀತೇ? ಇಸವಿಗಳನ್ನು ಹುಡುಕುತ್ತಾ ಕುಳಿತೆ.

ಈ ಸಂಗೀತ ಲಂಡನ್ನಿನಲ್ಲಿ ಸದ್ದು ಮಾಡಿದ್ದು 1976-77ರಲ್ಲಿ, ಯುವಕರು ನಿರುದ್ಯೋಗದಿಂದ ಕಂಗೆಟ್ಟಿದ್ದ ಕಾಲದಲ್ಲಿ. 1977ರ ಜುಲೈನಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡ ಸ್ವೀಡನ್ನಿನಲ್ಲಿ ಪ್ರವಾಸ ಮಾಡಿತು. ಅದೇ ವರ್ಷ ಸ್ಟಾಕ್‌ಹೋಮಿನ ಹೊರವಲಯದ ರೋಗ್ಸ್‌ವೇದ್‌ನಲ್ಲಿ ಎಬ್ಬಾ ಗ್ರೋನ್ ಎಂಬ ತಂಡ ಹುಟ್ಟಿ, ತಮ್ಮದೇ ಭಾಷೆಯಲ್ಲಿ ಹಾಡತೊಡಗಿತು. ಚಿತ್ರದ ಕಥೆ ನಡೆಯುವುದು 1982ರಲ್ಲಿ. ಹದಿಮೂರರ ಆಸುಪಾಸಿನ ಬೋಬೋ, ಕ್ಲಾರಾ ಎಂಬ ಗೆಳತಿಯರಿಗೆ ಕಂಡಕಂಡವರೆಲ್ಲ ಹೇಳುವುದು ಒಂದೇ: ಪಂಕ್ ಸತ್ತುಹೋಗಿದೆ. ಮಕ್ಕಳು ಕೇಳಬೇಕಲ್ಲ!

ನನ್ನನ್ನು ಹಿಡಿದು ನಿಲ್ಲಿಸಿದ ಪ್ರಸಂಗ ಬೇರೆ. ಅಲ್ಲಿ ಮಕ್ಕಳು ಬಿಡುವಿನ ವೇಳೆ ಕಳೆಯಲೊಂದು ಯುವಕೇಂದ್ರವಿದೆ. ಅದರ ಅಭ್ಯಾಸದ ಕೋಣೆಯಲ್ಲಿ ದೊಡ್ಡ ಹುಡುಗರ ತಂಡವೊಂದು ಕಿವಿಗಡಚಿಕ್ಕುವಂತೆ ಬಾರಿಸುತ್ತಿರುತ್ತದೆ. ಕೋಣೆ ಬೇಕಾದವರು ಹಾಳೆಯಲ್ಲಿ ಹೆಸರು ಬರೆಯಬೇಕೆಂಬುದು ನಿಯಮ. ಆ ಹುಡುಗರು ಬರೆದಿಲ್ಲ. ಈ ಹುಡುಗಿಯರು ಬರೆದುಬಿಡುತ್ತಾರೆ! ಶ್ರುತಿ, ತಾಳ ಒಂದೂ ತಿಳಿಯದ ಇವರಿಗೆ ಡ್ರಮ್ಮು, ಗಿಟಾರು ಸಮೇತ ಕೋಣೆ ದೊರೆಯುತ್ತದೆ. ಮೊದಲ ಹಾಡು ಯಾರ ವಿರುದ್ಧವೆನ್ನುವಿರಿ? ತಮ್ಮನ್ನು ಓಡಿಸಿ ದಣಿಸುವ ಡ್ರಿಲ್ ಮೇಷ್ಟರ ಆಟೋಟದ ವಿರುದ್ಧ! ಮುಂದೆ ಶಾಸ್ತ್ರೀಯ ಗಿಟಾರ್ ಬಲ್ಲ, ದೈವಭಕ್ತೆಯಾದ ಹೆಡ್ವಿಗ್ ಜೊತೆಗೂಡುತ್ತಾಳೆ. ಕಲಿಸಿಕೊಡಲು ಬಂದ ಕೇಂದ್ರದ ಗಂಡಸರೇ ಅವಳ ಕೈಚಳಕ ಕಂಡು ಬೆರಗಾಗುವ ದೃಶ್ಯಕ್ಕೆ ಗಟ್ಟಿಯಾಗಿ ನಕ್ಕೆ.

ಹಿರಿಯರನ್ನು ಧಿಕ್ಕರಿಸಿದ ಈ ಮಕ್ಕಳಿಗೆ ಕೋಣೆ ಕೊಟ್ಟವರೂ ಹಿರಿಯರೇ. ಸ್ವೀಡನ್ನಿನ ಶಾಲೆಗಳಲ್ಲಿ ಬೆತ್ತ ನಿಷೇಧವಾಗಿ ದಶಕಗಳೇ ಕಳೆದಿದ್ದವು. 1979ರಲ್ಲಿ, ಹೆತ್ತವರೂ ಮಕ್ಕಳಿಗೆ ಹೊಡೆಯಕೂಡದೆಂದು ಜಗತ್ತಿನಲ್ಲೇ ಮೊದಲು ಕಾನೂನು ಮಾಡಿದ ದೇಶ ಅದು. ನಮ್ಮಲ್ಲಿ ಶಾಲೆಯಲ್ಲಿ ದೈಹಿಕ ದಂಡನೆಯನ್ನು ನಿಷೇಧಿಸಿದ ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ನನ್ನ ಕೈಯಲ್ಲಿ ಬೆತ್ತವಿದ್ದುದನ್ನು ನೀವಾರೂ ಮರೆತಿರಲಾರಿರಿ.

1991ರಲ್ಲಿ ಒಂಬತ್ತನೆಯ ತರಗತಿಗೆ ಫ್ರಾನ್ಸಿನ ಕ್ರಾಂತಿಯನ್ನು ಬೋಧಿಸುತ್ತಿದ್ದೆ. ಕೊನೆಯ ಸಾಲಿನ ಹುಡುಗನೊಬ್ಬ ಡೆಸ್ಕಿನ ಮೇಲೆ ಬೆರಳುಗಳಿಂದ ತಾಳ ಹಾಕುತ್ತಿದ್ದ. ಎದ್ದು ನಿಲ್ಲಿಸಿ, ಆ ಬೆರಳುಗಳ ಮೇಲೆಯೇ ಹೊಡೆದೆ. ನಮ್ಮ ಶಾಲೆಯಲ್ಲಿ ದಾನಿಗಳು ಕೊಟ್ಟ ಬ್ಯಾಂಡ್ ಸೆಟ್ ಇತ್ತು. ಆಗಸ್ಟ್ 15, ಜನವರಿ 26 ಬಿಟ್ಟರೆ ಅದು ಬೀರುವಿನಿಂದ ಹೊರಬರುತ್ತಿರಲಿಲ್ಲ. ಅದಕ್ಕೂ ಕೆಲವು ವಾರಗಳ ಹಿಂದೆ ಅದೇ ಹುಡುಗ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು, "ಸಾರ್, ಶನಿವಾರ ಮಧ್ಯಾಹ್ನ ಒಂದು ಗಂಟೆ ಡ್ರಮ್ ಬಾರಿಸ್ಲಾ ಸಾರ್?" ಎಂದು ಕೇಳಿದ್ದ. "ಮೊದಲು ಗಣಿತದಲ್ಲಿ ಪಾಸಾಗು" ಎಂದು ಕಳುಹಿಸಿದ್ದೆ. ಬೀರುವಿನ ಬೀಗದ ಕೈ ನನ್ನ ಮೇಜಿನ ಖಾನೆಯಲ್ಲೇ ಇತ್ತು.

ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಆ ವರ್ಷ ಓದಿದವರಿಗೆ ನಾನು ಯಾರನ್ನು ಕುರಿತು ಹೇಳುತ್ತಿದ್ದೇನೆಂದು ಗೊತ್ತಾಗಿರುತ್ತದೆ. ಅವನು ಈಗ ಎಲ್ಲಿದ್ದಾನೆಂದು ಬಲ್ಲವರು ದಯವಿಟ್ಟು ನನಗೆ ತಿಳಿಸಿರಿ.