ಒಂದೇ ಉಕ್ಕು, ಎರಡು ಅಂಗಳ

1989ರ ಮಾರ್ಚ್ 15ರ ರಾತ್ರಿ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ, ಸರ್ಕಾರಿ ಕಚೇರಿಗಳ ಮುಂದಿರುವ ಫೆಡರಲ್ ಪ್ಲಾಜಾದಲ್ಲಿ, ಕೆಲಸಗಾರರು ಒಂದು ಉಕ್ಕಿನ ಗೋಡೆಯನ್ನ ಕತ್ತರಿಸ್ತಾ ಇದ್ರು. 120 ಅಡಿ ಉದ್ದ, 12 ಅಡಿ ಎತ್ತರ, ಎರಡೂವರೆ ಇಂಚು ದಪ್ಪ. ಕೆಲಸ ಮುಗಿಯುವ ಹೊತ್ತಿಗೆ ಅದು ಮೂರು ತುಂಡಾಗಿತ್ತು. ಅಕ್ರಮ ಕಟ್ಟಡ ತೆರವು ಅಂದ್ಕೊಂಡ್ರಾ? ಅಲ್ಲ ಸ್ವಾಮಿ. ಅದೇ ಸರ್ಕಾರ, ಎಂಟು ವರ್ಷದ ಹಿಂದೆ, ಜನರ ತೆರಿಗೆ ದುಡ್ಡಲ್ಲಿ 1,75,000 ಡಾಲರ್ ಕೊಟ್ಟು ತಾನೇ ನಿಲ್ಲಿಸಿದ್ದ ಕಲಾಕೃತಿ ಅದು. ಹೆಸರು ‘ಟಿಲ್ಟೆಡ್ ಆರ್ಕ್’, ಅಂದರೆ ವಾಲಿದ ಕಮಾನು. ಮಾಡಿದ್ದು ರಿಚರ್ಡ್ ಸೆರಾ.

ಈ ಕಥೆ ಮೊದಲ ಸಲ ಓದಿದಾಗ ‘ಕಲೆಯ ಮೇಲೆ ಸರ್ಕಾರದ ಕತ್ತರಿ’ ಅಂತ ತಲೆಬರಹ ನನ್ನ ತಲೆಯಲ್ಲಿ ಆಗಲೇ ಕೂತಿತ್ತು. ಪ್ರೈಮ್ ಟೈಮ್‌ಗೆ ಹೇಳಿ ಮಾಡಿಸಿದ ಸುದ್ದಿ. ಪೂರ್ತಿ ಓದಿದ ಮೇಲೆ ಆ ತಲೆಬರಹ ನಿಲ್ಲಲಿಲ್ಲ. ಯಾಕಂದ್ರೆ ಅದೇ ಜಾತಿಯ ಉಕ್ಕಿನಲ್ಲಿ ಮಾಡಿದ, ಅಷ್ಟೇ ಬೈಗುಳ ತಿಂದ ಇನ್ನೊಂದು ಶಿಲ್ಪ ಅದೇ ದೇಶದ ಇನ್ನೊಂದು ಊರಲ್ಲಿ ಇವತ್ತಿಗೂ ನಿಂತಿದೆ. ಮೊದಲು ಆ ಊರಿಗೆ ಹೋಗೋಣ.

ಶಿಕಾಗೋ. 1960ರ ದಶಕದಲ್ಲಿ ಅಲ್ಲಿ ಕೋರ್ಟು ಕಚೇರಿಗಳಿಗಾಗಿ ಸಿವಿಕ್ ಸೆಂಟರ್ ಅನ್ನೋ ದೊಡ್ಡ ಕಟ್ಟಡ ಎದ್ದಿತು. ಈಗ ಅದಕ್ಕೆ ಮೇಯರ್ ರಿಚರ್ಡ್ ಡೇಲಿ ಹೆಸರು. ಮುಂದೆ ವಿಶಾಲವಾದ ಅಂಗಳ. ಅಲ್ಲೊಂದು ಶಿಲ್ಪ ಬೇಕು ಅಂತ ವಾಸ್ತುಶಿಲ್ಪಿ ವಿಲಿಯಂ ಹಾರ್ಟ್‌ಮನ್ ಫ್ರಾನ್ಸಿಗೆ ಹೋಗಿ ಪಿಕಾಸೋನನ್ನೇ ಹಿಡಿದರು. ಪಿಕಾಸೋ ಅಮೆರಿಕಕ್ಕೆ ಒಮ್ಮೆಯೂ ಕಾಲಿಟ್ಟವನಲ್ಲ. ಆದರೂ ಒಪ್ಪಿಕೊಂಡ. ಒಂದು ಲಕ್ಷ ಡಾಲರ್ ಕೊಡ್ತೀವಿ ಅಂದ್ರೆ ಬೇಡ ಅಂದ. ಶಿಕಾಗೋ ಜನರಿಗೆ ನನ್ನ ಕೊಡುಗೆ ಅಂತ ಕೊಟ್ಟುಬಿಟ್ಟ. 50 ಅಡಿ ಎತ್ತರ, 162 ಟನ್ ತೂಕ. ಶಿಲ್ಪಕ್ಕೆ ಹೆಸರೂ ಇಡಲಿಲ್ಲ.

1967ರ ಆಗಸ್ಟ್ 15ರಂದು ಪರದೆ ಸರಿಯಿತು. ನೆರೆದ ಜನ ಬಾಯಿ ಬಿಟ್ಟುಕೊಂಡು ನೋಡಿದರು. ಇದೇನು, ಹೆಂಗಸಾ? ನಾಯಿಯಾ? ಕೋತಿಯಾ? ಜಾನ್ ಹೋಲನ್ ಎಂಬ ನಗರಸಭಾ ಸದಸ್ಯ ಇದನ್ನ ಕಿತ್ತು ಹಾಕಿ, ಬೇಸ್‌ಬಾಲ್ ಆಟಗಾರ ಎರ್ನಿ ಬ್ಯಾಂಕ್ಸ್ ಪ್ರತಿಮೆ ನಿಲ್ಲಿಸಿ ಅಂದರು! ಇವತ್ತು ವಿಚಿತ್ರ ಅನಿಸಿದ್ದು ನಾಳೆ ನಮ್ಮದೇ ಅನಿಸುತ್ತೆ ಅನ್ನೋ ಧಾಟಿಯಲ್ಲಿ ಮೇಯರ್ ಡೇಲಿ ಅವತ್ತು ಮಾತಾಡಿದ್ದರು. ರಾಜಕಾರಣಿಯ ಭವಿಷ್ಯ ನಿಜವಾಗೋದು ಅಪರೂಪ. ಇದು ನಿಜವಾಯ್ತು. ಮಕ್ಕಳು ಆ ಶಿಲ್ಪದ ಇಳಿಜಾರನ್ನ ಜಾರುಬಂಡೆ ಮಾಡಿಕೊಂಡರು. ಸುತ್ತ ರೈತರ ಸಂತೆ ಬಂತು, ಕ್ರಿಸ್ಮಸ್ ಸಂತೆ ಬಂತು, ಧರಣಿ ಬಂತು, ಸಂಗೀತ ಬಂತು. ಕೋರ್ಟಿನ ಕಾಗದ ಹಿಡಿದವರು ಅದೇ ನೆರಳಲ್ಲಿ ಕೂತು ಊಟ ಮಾಡಿದರು. ಇನ್ನೊಂದು ಮಜಾ ಕೇಳಿ. ಇದರ ಹಕ್ಕುಸ್ವಾಮ್ಯ ನಮ್ಮದು ಅಂತ ಕಟ್ಟಡದ ಆಡಳಿತ ವಾದ ಮಾಡಿದಾಗ, 1970ರಲ್ಲಿ ಕೋರ್ಟು ಒಪ್ಪಲಿಲ್ಲ, ಇದು ಎಲ್ಲರ ಸ್ವತ್ತು ಅಂದಿತು. ಕಾನೂನಿನ ಕಾರಣ ಸಣ್ಣದು. ಶಿಲ್ಪದ ಮಾದರಿಯನ್ನ ಜನರ ಮುಂದಿಟ್ಟಾಗ ಹಕ್ಕಿನ ಸೂಚನೆ ಹಾಕಿರಲಿಲ್ಲ ಅಷ್ಟೆ.

ಎರಡೂ ಶಿಲ್ಪಗಳ ಉಕ್ಕಿನ ಹೆಸರು ಕಾರ್ಟೆನ್. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಕೊನೆಗೆ ಮೈಕ್ ಹಿಡಿದವನು ನಾನು. ಓದಿದ್ದು ಉಪಯೋಗಕ್ಕೆ ಬರೋದು ಇಂಥ ಕಡೆ ಮಾತ್ರ, ಹಾಗಾಗಿ ಎರಡು ಮಾತು. ಮಾಮೂಲಿ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಪದರ ಪದರವಾಗಿ ಉದುರುತ್ತೆ, ಒಳಗಿನದನ್ನೂ ತಿನ್ನುತ್ತೆ. ಕಾರ್ಟೆನ್‌ನಲ್ಲಿ ಸ್ವಲ್ಪ ತಾಮ್ರ, ಕ್ರೋಮಿಯಂ ಸೇರಿಸಿರ್ತಾರೆ. ಅದರ ತುಕ್ಕು ಗಟ್ಟಿಯಾಗಿ ಅಂಟಿಕೊಂಡು, ಒಳಗಿನ ಉಕ್ಕಿಗೆ ತಾನೇ ಹೊದಿಕೆ ಆಗುತ್ತೆ. ಬಣ್ಣ ಬಳಿಯೋದೇ ಬೇಡ. ಆದರೆ ನೋಡೋರ ಕಣ್ಣಿಗೆ ಅದು ತುಕ್ಕೇ! ಶಿಕಾಗೋದಲ್ಲಿ ಹಿಂದಿನ ಕಟ್ಟಡವೂ ಅದೇ ಉಕ್ಕಿನದು, ಹಾಗಾಗಿ ಶಿಲ್ಪ ಅದರ ಮಗುವಿನ ಹಾಗೆ ಕಾಣುತ್ತೆ. ನ್ಯೂಯಾರ್ಕಿನಲ್ಲಿ ಅದು ತುಕ್ಕು ಹಿಡಿದ ಗೋಡೆಯಾಗಿಯೇ ಉಳಿಯಿತು.

ಸೆರಾ ಉದ್ದೇಶವೂ ಅಂಗಳಕ್ಕೆ ಅಡ್ಡ ನಿಲ್ಲಿಸೋದೇ ಆಗಿತ್ತು. ಸುತ್ತು ಹಾಕಿ ನಡೆಯುವಾಗ ಮನುಷ್ಯನಿಗೆ ತನ್ನ ನಡಿಗೆ, ಜಾಗ ಎರಡೂ ಅರಿವಿಗೆ ಬರಬೇಕು ಅನ್ನೋದು ಅವರ ವಿಚಾರ. ದೊಡ್ಡ ವಿಚಾರವೇ, ನಾನು ತಮಾಷೆ ಮಾಡ್ತಿಲ್ಲ. ಆದರೆ ಬೆಳಗ್ಗೆ ಆಫೀಸಿಗೆ ಓಡುವ ಗುಮಾಸ್ತನಿಗೆ ತನ್ನ ನಡಿಗೆಯ ಅರಿವು ಬೇಕಾಗಿರಲಿಲ್ಲ, ದಾರಿ ಬೇಕಾಗಿತ್ತು. ತೆಗೆಯಿರಿ ಅಂತ ಸುಮಾರು 1,300 ನೌಕರರು ಸಹಿ ಹಾಕಿದರು. ಅಲ್ಲಿನ ನ್ಯಾಯಾಧೀಶ ಎಡ್ವರ್ಡ್ ರೀ ಮೊದಲಿಂದಲೂ ದೂರುತ್ತಲೇ ಇದ್ದರು. 1985ರ ಮಾರ್ಚ್‌ನಲ್ಲಿ ಮೂರು ದಿನ ಬಹಿರಂಗ ವಿಚಾರಣೆ ನಡೆಯಿತು. ಇಲಿ, ಕಸ, ಗೋಡೆಬರಹದ ದೂರುಗಳು ಬಂದವು. ಬಾಂಬ್ ಇಟ್ಟರೆ ಸ್ಫೋಟದ ಹೊಡೆತವನ್ನ ಈ ಗೋಡೆ ಕಟ್ಟಡದ ಕಡೆಗೇ ತಿರುಗಿಸುತ್ತೆ ಅಂತಲೂ ಭದ್ರತಾ ತಜ್ಞರೊಬ್ಬರು ಹೇಳಿದರು.

ಈಗ ಲೆಕ್ಕ ನೋಡಿ. ಮಾತಾಡಿದವರು 180 ಜನ. ಉಳಿಸಿ ಅಂದವರು 122. ತೆಗೆಯಿರಿ ಅಂದವರು 58. ತೀರ್ಪು? 4–1ರಲ್ಲಿ ತೆಗೆಯಿರಿ! ವಿಚಾರಣೆಯ ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ವಿಲಿಯಂ ಡೈಮಂಡ್, ಇದನ್ನ ತೆಗೆಯಬೇಕು ಅಂತ ಮೊದಲೇ ಬಹಿರಂಗವಾಗಿ ಹೇಳಿಕೊಂಡು ಬಂದವರು. ಇದು ವಿಚಾರಣೆಯಾ, ನಾಟಕವಾ?

ಇಲ್ಲೇ ನಾನು ತಡವರಿಸಿದ್ದು. 122 ದೊಡ್ಡದು ನಿಜ. ಆದರೆ ಅವರಲ್ಲಿ ಬಹಳಷ್ಟು ಜನ ಕಲಾವಿದರು, ಕಲಾಲೋಕದವರು. ಆ ಅಂಗಳವನ್ನ ದಿನಾ ದಾಟಬೇಕಾದವರು ಆಫೀಸಿನವರು. ಪ್ರತಿದಿನ ಸ್ಟುಡಿಯೋದಲ್ಲಿ ಆರು ಜನರನ್ನ ಕೂರಿಸಿ ‘ರಾಜ್ಯ ಕೇಳ್ತಿದೆ’ ಅನ್ನುವ ನಾನು, ಮಾತಾಡೋಕೆ ಬಂದವರೇ ಜನ ಅಂತ ಹೇಗೆ ಹೇಳಲಿ? ಹಾಗಂತ ಸಹಿ ಹಾಕಿದ 1,300 ಮಂದಿಯೇ ಪೂರ್ತಿ ಜನವಾ? ಅದೂ ಅಲ್ಲ. ನನಗೆ ಅನಿಸೋದು ಇಷ್ಟು: ತಪ್ಪು 1985ರಲ್ಲಿ ಆಗಿದ್ದಲ್ಲ, 1979ರಲ್ಲಿ, ಕೆಲಸ ವಹಿಸಿದಾಗಲೇ ಆಗಿತ್ತು. ಕಲಾ ತಜ್ಞರನ್ನ ಕೇಳಿದ ಸರ್ಕಾರ, ಅಲ್ಲಿ ನಡೆದಾಡುವವರನ್ನ ಕೇಳಬೇಕು ಅಂದುಕೊಳ್ಳಲಿಲ್ಲ. ಶಿಕಾಗೋದವರೂ ಕೇಳಿರಲಿಲ್ಲ, ಅದೂ ನಿಜ. ಅಲ್ಲಿ ಬಚಾವ್ ಮಾಡಿದ್ದು ಶಿಲ್ಪದ ಜಾಗ. ಅದು ಅಂಗಳವನ್ನ ಅಂಗಳವಾಗಿಯೇ ಬಿಟ್ಟಿತ್ತು. ಬೈಯೋಕೆ ಬಂದವನಿಗೂ ಕೂರಲು ಜಾಗ ಇತ್ತು.

ಈ ಶಿಲ್ಪ ಈ ಜಾಗಕ್ಕೆಂದೇ ಮಾಡಿದ್ದು, ಇಲ್ಲಿಂದ ಎತ್ತಿದರೆ ನಾಶ ಮಾಡಿದಂತೆ ಅಂತ ಸೆರಾ ಕೋರ್ಟಿಗೆ ಹೋದರು, ಮೇಲ್ಮನವಿಯಲ್ಲೂ ಸೋತರು. ದುಡ್ಡು ಕೊಟ್ಟ ಸರ್ಕಾರವೇ ಮಾಲೀಕ ಅನ್ನೋದು ಕೋರ್ಟಿನ ನಿಲುವು. ತೆರವಾದ ಮರುವರ್ಷ, 1990ರಲ್ಲಿ, ಕಲಾಕೃತಿ ಮಾರಿದ ಮೇಲೂ ಕಲಾವಿದನಿಗೆ ಕೆಲವು ಹಕ್ಕು ಉಳಿಸುವ ಕಾನೂನು ಅಮೆರಿಕದಲ್ಲಿ ಬಂತು. ಸೆರಾ ಪಾಲಿಗೆ ತಡವಾಗಿತ್ತು.

ಅಂಗಳ ಮಾತ್ರ ಆಮೇಲೂ ನೆಮ್ಮದಿಯಾಗಿ ಇರಲಿಲ್ಲ. ಕೆಳಗಿನ ಪಾರ್ಕಿಂಗ್‌ಗೆ ನೀರು ಸೋರುತ್ತೆ ಅಂತ 90ರ ದಶಕದಲ್ಲಿ ಅಗೆದು, ಮಾರ್ಥಾ ಶ್ವಾರ್ಟ್ಜ್ ವಿನ್ಯಾಸದ ಹಸಿರು ಬೆಂಚುಗಳನ್ನ ಹಾವಿನ ಹಾಗೆ ಸುರುಳಿ ಸುತ್ತಿಸಿದರು. ಊಟದ ಡಬ್ಬಿ ಹಿಡಿದು ಕೂರೋಕೆ ಬೇಕಾದಷ್ಟು ಜಾಗ. ಕೆಲವು ವರ್ಷಗಳ ನಂತರ ಅದನ್ನೂ ತೆಗೆದು ಮತ್ತೊಂದು ವಿನ್ಯಾಸ ಮಾಡಿದರು. ಆ ಬೆಂಚುಗಳಿಗಾಗಿ ಮೂರು ದಿನದ ವಿಚಾರಣೆ ನಡೆಯಲಿಲ್ಲ.

ಸೆರಾ 2024ರ ಮಾರ್ಚ್‌ನಲ್ಲಿ ತೀರಿಕೊಂಡರು. ಬೇರೆ ಎಲ್ಲಿ ನಿಲ್ಲಿಸಿದರೂ ಅದು ನನ್ನ ಕೃತಿಯಲ್ಲ ಅಂತ ಅವರು ಮೊದಲೇ ಹೇಳಿಬಿಟ್ಟಿದ್ದರಿಂದ, ಆ ಮೂರು ತುಂಡುಗಳನ್ನ ಇನ್ನೊಂದು ಊರಿನ ಅಂಗಳಕ್ಕೆ ಕೊಡುವ ಹಾಗೂ ಇರಲಿಲ್ಲ. ಕತ್ತರಿಸಿದ ರಾತ್ರಿಯೇ ಅವು ಲಾರಿ ಹತ್ತಿ ಸರ್ಕಾರಿ ಗೋದಾಮಿನ ದಾರಿ ಹಿಡಿದಿದ್ದವು.