ಕರೆಂಟ್ ಮರಳಿ ತಂದ ಕೈಗಳು

2015ರ ಡಿಸೆಂಬರ್ 23. ಪಶ್ಚಿಮ ಉಕ್ರೇನ್‌ನ ಇವಾನೊ-ಫ್ರಾಂಕಿವ್‌ಸ್ಕ್ ಪ್ರಾಂತ್ಯ. ವಿದ್ಯುತ್ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಕೂತಿದ್ದ ಆಪರೇಟರ್ ಕಣ್ಣೆದುರೇ ಪರದೆ ಮೇಲಿನ ಬಾಣದ ಗುರುತು ತಾನಾಗೇ ಓಡಾಡತೊಡಗಿತು. ಅವರು ಮೌಸ್ ಮುಟ್ಟಿರಲಿಲ್ಲ! ಒಂದೊಂದೇ ಸಬ್‌ಸ್ಟೇಷನ್ ಆಫ್ ಆಗ್ತಾ ಹೋಯ್ತು. ತಡೆಯೋಣ ಅಂದ್ರೆ, ಪಾಸ್‌ವರ್ಡೇ ಬದಲಾಗಿತ್ತು.

ಅವತ್ತು ದಾಳಿಯಾದದ್ದು ಮೂರು ವಿತರಣಾ ಕಂಪನಿಗಳ ಮೇಲೆ. ಕತ್ತಲಾದದ್ದು ಸುಮಾರು 2.25 ಲಕ್ಷ ಗ್ರಾಹಕರಿಗೆ. ದೂರು ಕೊಡೋಣ ಅಂದ್ರೆ ನಕಲಿ ಕರೆಗಳಿಂದ ಕಾಲ್ ಸೆಂಟರ್ ಲೈನೂ ಜಾಮ್. ಕಳ್ಳ ಒಳಗೆ ಬಂದಿದ್ದು ಹೇಗೆ? ತಿಂಗಳುಗಳ ಹಿಂದೆ ಸಿಬ್ಬಂದಿಯೊಬ್ಬರು ತೆರೆದ ಇಮೇಲ್ ಫೈಲಿನ ಮೂಲಕ. 2020ರಲ್ಲಿ ಅಮೆರಿಕ ಈ ದಾಳಿಯನ್ನೂ ಸೇರಿಸಿ ರಷ್ಯಾದ ಆರು ಸೇನಾ ಗುಪ್ತಚರ ಅಧಿಕಾರಿಗಳ ಮೇಲೆ ಆರೋಪ ಹೊರಿಸಿತು.

ನಾನು ಓದಿದ್ದು ಇಂಜಿನಿಯರಿಂಗ್. ಕೈಕೆಲಸವನ್ನೆಲ್ಲ ಕಂಪ್ಯೂಟರ್‌ಗೆ ಒಪ್ಪಿಸೋದೇ ಪ್ರಗತಿ ಅಂತ ನಂಬಿದ್ದವನು. ಆದರೆ ಅವತ್ತು ಉಕ್ರೇನನ್ನು ಉಳಿಸಿದ್ದು ಯಾವ ಸಾಫ್ಟ್‌ವೇರೂ ಅಲ್ಲ. ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋದರು, ಕೈಯಿಂದಲೇ ಬ್ರೇಕರ್ ಆನ್ ಮಾಡಿದರು. ಒಂದರಿಂದ ಆರು ಗಂಟೆಯೊಳಗೆ ಕರೆಂಟ್ ಬಂತು. ಮರುವರ್ಷ ಕೀವ್ ನಗರದ ಮೇಲೆ ಇನ್ನೂ ಚುರುಕಾದ ದಾಳಿ ನಡೆಯಿತು. ಆಗಲೂ ಕೈ ಹಿಡಿದದ್ದು ಈ ಕೈಗಳೇ.

ಜಗತ್ತು ಕಲಿತ ಪಾಠ ಏನು? ಯುರೋಪ್ 2016ರಲ್ಲಿ ಕಾನೂನು ತಂದು, ಇಂಧನ ಕಂಪನಿಗಳು ದೊಡ್ಡ ದಾಳಿಯನ್ನು ಮುಚ್ಚಿಡದೆ ವರದಿ ಮಾಡಬೇಕು ಎಂದಿತು. ಗ್ರಿಡ್ ಭದ್ರತೆಗೆ ಮೊದಲೇ ಕಡ್ಡಾಯ ನಿಯಮಗಳಿದ್ದ ಅಮೆರಿಕ, 2019ರ ಕೊನೆಗೆ ಮತ್ತೊಂದು ಕಾನೂನು ಮಾಡಿತು: ಹಳೇ ಕಾಲದ, ಕೈಯಿಂದ ನಡೆಸುವ ವ್ಯವಸ್ಥೆಯನ್ನು ಮತ್ತೆ ಬಳಸಬಹುದೇ, ಪರೀಕ್ಷಿಸಿ! ನಮ್ಮಲ್ಲಿ 2014ರಲ್ಲೇ ಇಂಥ ಮೂಲಸೌಕರ್ಯಗಳ ರಕ್ಷಣೆಗೆ ರಾಷ್ಟ್ರೀಯ ಕೇಂದ್ರ ಶುರುವಾಯಿತು. 2021ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿ, ಪ್ರತಿ ವಿದ್ಯುತ್ ಸಂಸ್ಥೆಯಲ್ಲೂ ಸೈಬರ್ ಭದ್ರತೆಗೆಂದೇ ಒಬ್ಬ ಹೊಣೆಗಾರ ಅಧಿಕಾರಿ ಇರಬೇಕು ಎಂದಿತು.

ಇದು ನಮಗ್ಯಾಕೆ ಅಂತೀರಾ? 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್‌ಗೆ ಸೇರಿತು. ಇಡೀ ದಕ್ಷಿಣ ಭಾರತದ ವಿದ್ಯುತ್ ಹರಿವಿನ ಮೇಲೆ ಕಣ್ಣಿಡುವ ಕೇಂದ್ರ ಇರೋದು ನಮ್ಮ ಬೆಂಗಳೂರಿನಲ್ಲೇ. ಹೊಸ ಕಂಪ್ಯೂಟರ್ ಬರಲಿ, ಬೇಡ ಅಂದವರ್ಯಾರು? ಆದರೆ ಅದು ಕೈಕೊಟ್ಟ ದಿನ ಬ್ರೇಕರ್ ಹಾಕಲು ಗೊತ್ತಿರೋ ಕೈಗಳೂ ಇರಬೇಕಲ್ವಾ?

ಕರೆಂಟ್ ಹೋದ ಕೂಡಲೇ ನಾವು ಬೈಯೋದು ಲೈನ್‌ಮ್ಯಾನ್‌ನನ್ನ. ನೆನಪಿರಲಿ, ಉಕ್ರೇನ್‌ನಲ್ಲಿ ಆ ರಾತ್ರಿ ದೀಪ ಹಚ್ಚಿದ್ದು ಅಂಥವರೇ.